ಒಲೆಗೂ ಸಿಂಕಿಗೂ ನಡುವೆ ಮೂರಡಿ

ಪ್ರಶ್ನೆ: ನಮ್ಮ ಅಡುಗೆಮನೆ ಹತ್ತಡಿ ಉದ್ದ, ಎಂಟಡಿ ಅಗಲ. ಎರಡು ಗೋಡೆಗೆ ಸೇರಿದಂತೆ ಎಲ್ ಆಕಾರದ ಕಟ್ಟೆ. ಕಪಾಟುಗಳೆಲ್ಲ ತುಂಬಿ ತುಳುಕುತ್ತಿವೆ, ತರಕಾರಿ ಹೆಚ್ಚೋಕೆ ಮಾತ್ರ ಒಂದು ಗೇಣು ಜಾಗ ಇಲ್ಲ. ಬಡಗಿಯವರು ಬಂದು ನೋಡಿ, ಸೂರಿನವರೆಗೂ ಕಪಾಟು ಏರಿಸಿಬಿಡೋಣ ಅಂದರು. ನಾನು ಐದಡಿ, ಯಜಮಾನರು ಆರಡಿ. ಇಬ್ಬರೂ ಅಡುಗೆ ಮಾಡುತ್ತೇವೆ. ಹೆಚ್ಚುವಾಗ ನನಗೆ ಭುಜ ನೋವು, ಅವರಿಗೆ ಸೊಂಟ ನೋವು. ಎಲ್ಲಿಂದ ಶುರು ಮಾಡಲಿ?

ಉತ್ತರ: ಬಡಗಿಯವರಿಗೆ ಒಂದು ವಾರ ತಡೆಯಲು ಹೇಳಿ. ಅಷ್ಟರಲ್ಲಿ ಪ್ರತಿ ಕಪಾಟಿನ ಬಾಗಿಲಿಗೂ ಒಂದು ಚೀಟಿ ಅಂಟಿಸಿ, ತೆರೆದಾಗಲೆಲ್ಲ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯಿರಿ. ಮನೆಯವರೆಲ್ಲರೂ ಎಳೆಯಬೇಕು. ವಾರ ಮುಗಿದ ಮೇಲೆ ಕೆಲವು ಚೀಟಿಗಳಲ್ಲಿ ಗೀಟಿಗೆ ಜಾಗವೇ ಉಳಿದಿರುವುದಿಲ್ಲ, ಕೆಲವು ಹಾಗೇ ಬೆಳ್ಳಗಿರುತ್ತವೆ. ಬೆಳ್ಳಗಿರುವ ಕಪಾಟು ಒಲೆಯ ಪಕ್ಕದಲ್ಲೇ ಇದ್ದರೆ ನಿಮಗೆ ಬೇಕಾಗಿರುವುದು ಹೊಸ ಕಪಾಟಲ್ಲ, ಒಳಗಿರುವ ಸಾಮಾನನ್ನು ಎತ್ತಿ ಬೇರೆ ಕಡೆ ಇಡುವುದು. ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವು ಹೀಗೇ ಇದ್ದವು.

ನನ್ನದೇ ಮೊದಲ ಅಡುಗೆಮನೆಯ ವಿಷಯ ಹೇಳುತ್ತೇನೆ. ಕಿಟಕಿ ಚೆನ್ನಾಗಿದೆಯೆಂದು ಸಿಂಕನ್ನು ಅದರ ಕೆಳಗೆ ಇಡಿಸಿದೆ. ಒಲೆ ಎದುರು ಗೋಡೆಗೆ ಹೋಯಿತು. ಒಂದು ತಿಂಗಳಾದ ಮೇಲೆ ನೆಲ ಒರೆಸುವಾಗ ಗಮನಿಸಿದೆ: ಸಿಂಕಿನಿಂದ ಒಲೆಯವರೆಗೆ ನೀರಿನ ಹನಿ ಬಿದ್ದು ಒಣಗಿ ಬಿಳಿ ಚುಕ್ಕೆಗಳ ಸಾಲೇ ಮೂಡಿತ್ತು. ತೊಳೆದ ತರಕಾರಿ, ನೀರು ತುಂಬಿದ ಪಾತ್ರೆ, ಒದ್ದೆ ಕೈ, ಎಲ್ಲವೂ ದಿನಕ್ಕೆ ಎಷ್ಟೋ ಸಲ ಆ ದಾರಿ ತುಳಿದಿದ್ದವು. ಒಂದು ಸಲ ಆ ಹನಿಯ ಮೇಲೇ ಅಮ್ಮನ ಕಾಲು ಜಾರಿತು. ಪೆಟ್ಟೇನೂ ಆಗಲಿಲ್ಲ, ಆದರೆ ಅವತ್ತಿನಿಂದ ಯಾರ ಅಡುಗೆಮನೆಗೆ ಹೋದರೂ ನಾನು ಮೊದಲು ನೋಡುವುದು ಸಿಂಕಿಗೂ ಒಲೆಗೂ ನಡುವೆ ಏನಿದೆ ಅಂತ.

ಅಲ್ಲಿ ಇರಬೇಕಾದ್ದು ಖಾಲಿ ಕಟ್ಟೆ, ಕನಿಷ್ಠ ಮೂರಡಿ. ತೊಳೆದದ್ದನ್ನು ಪಕ್ಕಕ್ಕೆ ಸರಿಸಿ ಹೆಚ್ಚಿ, ಹೆಚ್ಚಿದ್ದನ್ನು ಪಕ್ಕಕ್ಕೆ ಸರಿಸಿ ಒಲೆಗೆ ಹಾಕುವಂತಿರಬೇಕು. ಮಿಕ್ಸಿ, ನೀರಿನ ಫಿಲ್ಟರ್, ಪಾತ್ರೆ ಬುಟ್ಟಿ ಯಾವುದೂ ಆ ಮೂರಡಿಯಲ್ಲಿ ಕಾಲೂರಬಾರದು. ಚಾಕು, ಹೆಚ್ಚುವ ಮಣೆ, ಸೌಟು, ಉಪ್ಪು ಇರಬೇಕಾದ್ದು ಸರಿಯಾಗಿ ಅದರ ಕೆಳಗೇ. ಬಾಣಲೆ ಒಲೆಯ ಕೆಳಗೆ, ತೊಳೆದಿಡುವ ತಟ್ಟೆ ಲೋಟ ಸಿಂಕಿನ ಇನ್ನೊಂದು ಬದಿಗೆ. ಗಾಜಿನದೆಲ್ಲ ಒಂದು ಕಡೆ, ಸ್ಟೀಲಿನದೆಲ್ಲ ಒಂದು ಕಡೆ ಎಂದು ಜೋಡಿಸಿದರೆ ನೋಡಲು ಚೆಂದ, ಕೆಲಸ ಮಾತ್ರ ಸಾಗುವುದಿಲ್ಲ. ಯಾವ ಕೆಲಸ ಎಲ್ಲಿ ನಡೆಯುತ್ತದೋ ಅದರ ಸಾಮಾನು ಅಲ್ಲೇ ಇರಲಿ. ಫ್ರಿಜ್ಜಿನ ಪಕ್ಕದಲ್ಲೂ ಒಂದೂಕಾಲು ಅಡಿಯಷ್ಟು ಕಟ್ಟೆ ಬಿಡಿ, ತೆಗೆದದ್ದನ್ನು ಇಳಿಸಲು.

ಜಾಗ ಚಿಕ್ಕದು ಎನ್ನುವ ಕೊರಗು ಬೇಡ. 1926ರಲ್ಲಿ ಮಾರ್ಗರೇಟ್ ಷೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟಿನ ಹೊಸ ಬಡಾವಣೆಗಳಿಗೆ ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ವಿಸ್ತೀರ್ಣದಲ್ಲಿ ನಿಮ್ಮದಕ್ಕಿಂತ ಚಿಕ್ಕದು. ರೈಲಿನ ಊಟದ ಬೋಗಿಯ ಅಡುಗೆಕೋಣೆ ನೋಡಿ ಕಲಿತ ಪಾಠ ಅದರಲ್ಲಿತ್ತು. ಒಣ ಸಾಮಾನಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳು ಡ್ರಾಯರಿನಂತೆ ಈಚೆ ಬರುತ್ತಿದ್ದವು, ತುದಿಯಲ್ಲಿ ಸುರಿಯಲು ಮೂತಿ. ಅಂಥವು ಸುಮಾರು 10,000 ಕಟ್ಟಲ್ಪಟ್ಟವು. ನನಗೆ ಅದರಲ್ಲಿ ಒಪ್ಪಿಗೆಯಾಗದ್ದು ಒಂದೇ: ಅದು ಒಬ್ಬರೇ ನಿಂತು ದುಡಿಯುವ ಕೋಣೆ. ನೀವಿಬ್ಬರೂ ಅಡುಗೆ ಮಾಡುವವರು, ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಹಾಯಲು ನಾಲ್ಕಡಿ ನೆಲ ಬೇಕು. ನಿಮ್ಮಲ್ಲಿ ಅದಕ್ಕಿಂತ ಹೆಚ್ಚೇ ಇದೆ, ನಡುವೆ ಮೇಜು ತಂದಿಟ್ಟು ಕಳೆದುಕೊಳ್ಳಬೇಡಿ.

ಇನ್ನು ಸೂರಿನವರೆಗಿನ ಕಪಾಟು. ಮಾಡಿಸಿ, ಆದರೆ ವರ್ಷಕ್ಕೆ ಒಂದೆರಡು ಸಲ ಇಳಿಸುವ ದೊಡ್ಡ ಪಾತ್ರೆಗಳಿಗೆ ಮಾತ್ರ. ದಿನದ ಸಾಮಾನು ಅಲ್ಲಿಗೆ ಹೋದರೆ ನೀವು ದಿನಾ ಸ್ಟೂಲು ಹತ್ತಬೇಕಾಗುತ್ತದೆ. ಹಣ ಖರ್ಚು ಮಾಡುವುದಾದರೆ ಕಟ್ಟೆಯ ಕೆಳಗೆ ಮಾಡಿ. ಬಾಗಿಲಿನ ಕಪಾಟು ತೆಗೆಸಿ ಡ್ರಾಯರ್ ಹಾಕಿಸಿ. ಕೆಳಗಿನ ಕಪಾಟಿನ ಆಳ ಸುಮಾರು ಎರಡಡಿ. ಮುಂದಿನ ಒಂದಡಿ ಕೈಗೆ ಸಿಗುತ್ತದೆ, ಹಿಂದಿನ ಒಂದಡಿಗೆ ಮಂಡಿಯೂರಿ ತಲೆ ಒಳಗೆ ಹಾಕಬೇಕು. ಡ್ರಾಯರ್ ಎಳೆದರೆ ಹಿಂದಿನದು ತಾನೇ ಎದುರಿಗೆ ಬರುತ್ತದೆ. ಪೂರ್ತಿ ಹೊರಬರುವ, ಪಾತ್ರೆಯ ಭಾರ ತಡೆಯುವ ಚಾನೆಲ್ಲನ್ನೇ (ಡ್ರಾಯರ್ ಜಾರುವ ಲೋಹದ ಹಳಿ) ಕೇಳಿ. ಮರದ ಹೊಳಪಿನಲ್ಲಿ ಉಳಿಸಿ, ಚಾನೆಲ್ಲಿನಲ್ಲಿ ಉಳಿಸಬೇಡಿ. ಮುಚ್ಚಳಗಳನ್ನು ಡ್ರಾಯರಿನೊಳಗೆ ತೆಳು ಪಟ್ಟಿಗಳ ನಡುವೆ ಪುಸ್ತಕದಂತೆ ನಿಲ್ಲಿಸಿ. ಒಂದನ್ನು ತೆಗೆಯಲು ಆರನ್ನು ಎತ್ತುವುದು ತಪ್ಪುತ್ತದೆ. ಎಲ್ ತಿರುವಿನ ಮೂಲೆಗೆ ತಿರುಗುವ ತಟ್ಟೆ ಬೇಕೇ ಬೇಕು ಎನ್ನುವವರ ಮಾತಿಗೆ ಮರುಳಾಗಬೇಡಿ. ಅಪರೂಪಕ್ಕೆ ಬೇಕಾಗುವ ಒಂದೆರಡು ದೊಡ್ಡ ಡಬ್ಬ ಅಲ್ಲಿದ್ದರೆ ಸಾಕು.

ನೋವಿನ ವಿಷಯ. ಇಬ್ಬರೂ ಕಟ್ಟೆಯ ಮುಂದೆ ನೇರ ನಿಂತು ಮೊಣಕೈ ಮಡಚಿ. ಮೊಣಕೈಗಿಂತ 10–15 ಸೆಂಟಿಮೀಟರ್ ಕೆಳಗೆ ಹೆಚ್ಚುವ ಮಣೆಯ ಮೇಲ್ಮೈ ಇರಬೇಕು. ಸಾಮಾನ್ಯವಾಗಿ ಮಾಡುವ 36 ಇಂಚಿನ ಕಟ್ಟೆ ನಿಮಗೆ ಎತ್ತರ, ಅದಕ್ಕೇ ಭುಜ ಮೇಲೇಳುತ್ತದೆ. ಅವರಿಗೆ ಅದೇ ತಗ್ಗು, ಅದಕ್ಕೇ ಸೊಂಟ ಬಾಗುತ್ತದೆ. ತಗ್ಗಾದ ಕಟ್ಟೆಯ ಮೇಲೆ ಮಣೆಯಿಟ್ಟು ಎತ್ತರಿಸುವುದು ಸುಲಭ, ಎತ್ತರದ ಕಟ್ಟೆಯನ್ನು ಬೇಕೆಂದಾಗ ತಗ್ಗಿಸುವುದು ಆಗದ ಮಾತು. ಹಾಗಾಗಿ ಕಟ್ಟೆಯನ್ನು ನಿಮ್ಮ ಅಳತೆಗೆ, 33 ಇಂಚಿನ ಆಸುಪಾಸಿಗೆ ಕಟ್ಟಿಸಿ. ಅವರಿಗೆ ಕಾಲು ಜೋಡಿಸಿದ ದಪ್ಪ ಮಣೆಯೊಂದನ್ನು ಮಾಡಿಸಿ, ಅಲುಗಾಡದಂತೆ ಅಡಿಗೆ ರಬ್ಬರ್ ಅಂಟಿಸಿ. ಕಟ್ಟೆಯ ಬುಡದಲ್ಲಿ ಪಾದ ಒಳಸೇರಲು ಮೂರಿಂಚು ಒಳಸರಿದ ಜಾಗ ಬಿಡಿಸಲು ಮರೆಯಬೇಡಿ. ಅದಿಲ್ಲದಿದ್ದರೆ ಎತ್ತರ ಸರಿಯಿದ್ದರೂ ಕಟ್ಟೆಯಿಂದ ದೂರ ನಿಂತು ಬಾಗಲೇಬೇಕು.

ಟೈಲ್ಸ್ ಕೂರಿಸುವ ಮೊದಲೇ ಪ್ಲಗ್ ಪಾಯಿಂಟುಗಳನ್ನು ತೀರ್ಮಾನಿಸಿ. ಮೇಲಿನ ಕಪಾಟಿನ ಅಡಿಗೆ ದೀಪ ಹಾಕಿಸಿ. ನಡು ಸೂರಿನ ದೀಪ ನಿಮ್ಮ ಬೆನ್ನ ಹಿಂದಿರುತ್ತದೆ, ನಿಮ್ಮದೇ ನೆರಳು ಚಾಕುವಿನ ಮೇಲೆ ಬೀಳುತ್ತದೆ.

ಪ್ರಶ್ನೆ: ನಮ್ಮದು ಬಾಡಿಗೆ ಮನೆ. ಏನನ್ನೂ ಒಡೆಯುವ ಹಾಗಿಲ್ಲ, ಮೊಳೆ ಹೊಡೆಯುವ ಹಾಗಿಲ್ಲ. ನಮಗೇನಾದರೂ ದಾರಿ ಇದೆಯೇ?

ಉತ್ತರ: ಇದೆ. ಚೀಟಿಯ ಲೆಕ್ಕ ನಿಮಗೂ ಅಷ್ಟೇ ಅನ್ವಯ. ಆಳದ ಕಪಾಟಿನಲ್ಲಿ ಉದ್ದನೆಯ, ಅಂಚಿರುವ ಟ್ರೇಗಳಲ್ಲಿ ಸಾಮಾನು ಇಡಿ, ಟ್ರೇ ಎಳೆದರೆ ಅದೇ ನಿಮ್ಮ ಡ್ರಾಯರ್. ತಟ್ಟೆಗಳ ಮೇಲೆ ಅರ್ಧ ಕಪಾಟು ಖಾಲಿ ಗಾಳಿಯಿದ್ದರೆ ಕಾಲಿರುವ ಚಿಕ್ಕ ಸ್ಟ್ಯಾಂಡ್ ಇಟ್ಟು ಎರಡು ಅಂತಸ್ತು ಮಾಡಿ. ಕಟ್ಟೆಯ ಮೇಲಿರುವ ಮಿಕ್ಸಿ, ಫಿಲ್ಟರ್, ಡಬ್ಬಿಗಳನ್ನು ಚಕ್ರದ ಟ್ರಾಲಿಯೊಂದಕ್ಕೆ ಇಳಿಸಿ. ಟ್ರಾಲಿಯ ಚಕ್ರಕ್ಕೆ ಬ್ರೇಕ್ ಇರಲಿ, ಮಿಕ್ಸಿ ತಿರುಗುವಾಗ ಅದು ಮೆಲ್ಲಗೆ ಸರಿದು ವೈರನ್ನು ಎಳೆಯುತ್ತದೆ.