ಕೆಜಿಎಫ್ ಶಾಫ್ಟ್ ಗೋಪುರದ ಬ್ಯಾಡ್ಜ್: ಗೆರೆಗಳು ಉಳಿಯಬೇಕಾದರೆ

ಗಣಿ ಸ್ಮಾರಕದ ನಿಧಿಗೆ ಮಾಡಿಸುವ 25 ಮಿ.ಮೀ. ಎನಾಮಲ್ ಬ್ಯಾಡ್ಜ್‌ನಲ್ಲಿ (ಲೋಹದ ಗೆರೆಗಳ ನಡುವೆ ಬಣ್ಣ ತುಂಬಿದ ಬ್ಯಾಡ್ಜ್) ಕೆಜಿಎಫ್ ಚಿನ್ನದ ಗಣಿಯ ಶಾಫ್ಟ್ ಗೋಪುರದ, ಅಂದರೆ ಗಣಿಬಾವಿಯ ಮೇಲೆ ನಿಂತ ಉಕ್ಕಿನ ಗೋಪುರದ, ಗೆರೆಗಳೆಲ್ಲ ಮೂಡುತ್ತವೆಯೇ ಎಂದು ಕೇಳಿದ್ದೀರಿ. ಫೋಟೊದಲ್ಲಿರುವ ಪ್ರತಿ ಉಕ್ಕಿನ ಪಟ್ಟಿಯನ್ನೂ ಬಿಡಿಸಿದರೆ ಮೂಡುವುದಿಲ್ಲ. ಲೋಹದ ಗೆರೆ 0.25 ಮಿ.ಮೀ.ಗಿಂತ, ಬಣ್ಣದ ಜಾಗ 0.3 ಮಿ.ಮೀ.ಗಿಂತ ಕಿರಿದಾದರೆ ಬಣ್ಣ ಪಕ್ಕಕ್ಕೆ ಹರಿದು ಕಲೆಸಿಹೋಗುತ್ತದೆ. ಕಾಲುಗಳು, ಮೂರೋ ನಾಲ್ಕೋ ಅಡ್ಡಪಟ್ಟಿ, ಮೇಲಿನ ಚಕ್ರ ಇಷ್ಟೇ ಇಡಿ. ಗಣಿಯ ಗುರುತೇ ಆ ಚಕ್ರ, ದಯವಿಟ್ಟು ಅದನ್ನು ಚಿಕ್ಕದು ಮಾಡಬೇಡಿ.

ಅಳತೆ 30 ಮಿ.ಮೀ.ಗೆ ಏರಿಸಿ, ಹಿಂದೆ ಎರಡು ಪಿನ್ ಹಾಕಿಸಿ. ಒಂದೇ ಇದ್ದರೆ ಬ್ಯಾಡ್ಜ್ ತಿರುಗಿ ಗೋಪುರ ವಾಲುತ್ತದೆ. ಸಣ್ಣ ಒತ್ತಕ್ಷರಗಳು ಮುಚ್ಚಿಹೋಗುವುದರಿಂದ ಮುಂದೆ ಗಣಿ ನಡೆದ ವರ್ಷಗಳು, ‘1880–2001’, ಸಾಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೆಜಿಎಫ್‌ಗೆ ಬಂದ ವಿಷಯ ಜೊತೆಗಿಡುವ ಕಾರ್ಡಿನಲ್ಲಿರಲಿ. ಅಚ್ಚು ಕೊರೆಸುವ ಮೊದಲು ನಿಜ ಅಳತೆಯಲ್ಲೇ ಪ್ರಿಂಟ್ ತೆಗೆದು ನೋಡಿ.