ದೇವರು ದೋಣಿ ಹತ್ತಿದರೂ ಅನುಮಾನವೇ?

ತೀರ್ಥಹಳ್ಳಿಯ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯ ಕಥೆಯಲ್ಲಿ ಮಂತ್ರ ಹೇಳಿದರೆ ಮಳೆ ನಿಲ್ಲುತ್ತದೆ, ಹೊಳೆಯಮ್ಮ ದಿನವೂ ಕಾಸು ಕೊಟ್ಟು ದೋಣಿ ಹತ್ತುತ್ತಾಳೆ. ಅಂಥ ಊರಿನಲ್ಲಿ, ಮಗ ಹೊಳೆಪಾಲಾದ ಮೇಲೆ ಅಂಬಿಗ ನಾಸ್ತಿಕನಾದನಂತೆ. ಇದನ್ನು ನಂಬುವುದು ಹೇಗೆ? ಕಣ್ಣು ಮುಚ್ಚಿಕೊಂಡು ಪ್ರಕಟಿಸಿದಿರಾ?’

ಸಂಪಾದಕರ ಉತ್ತರ: ಕಣ್ಣು ತೆರೆದೇ ಪ್ರಕಟಿಸಿದೆವು. ಆದರೂ ನಿಮ್ಮ ತಕರಾರಿನಲ್ಲಿ ಅರ್ಧ ನ್ಯಾಯವಿದೆ. ಎದುರಿಗೆ ಕುಳಿತವಳನ್ನು ‘ನೀನಿಲ್ಲ’ ಎನ್ನುವವನು ನಾಸ್ತಿಕನಲ್ಲ, ಹಟಮಾರಿ. ಆದರೆ ದೇವರು ಕಂಡ ಮೇಲೆ ಸಂಶಯ ಮುಗಿಯಿತು ಎನ್ನುತ್ತೀರಲ್ಲ, ಅದನ್ನು ಒಪ್ಪಲಾರೆ.

ನಮ್ಮ ಕಡೆಯ ದರ್ಶನವನ್ನೇ ನೋಡಿ. ದೇವರು ಮೈಮೇಲೆ ಬಂದ ಪಾತ್ರಿ ಸಿಂಗಾರ (ಅಡಿಕೆಯ ಹೂಗೊನೆ) ಹಿಡಿದು ನಡುಗುತ್ತಾ ನುಡಿ ಕೊಡುವಾಗ, ಕೈಮುಗಿದು ನಿಂತವರಲ್ಲಿ ದೇವತೆ ಚೌಡಿಯೇ ಇಲ್ಲ ಎನ್ನುವವರು ಕಡಿಮೆ. ಬೇಲಿ ಜಗಳದ ನುಡಿ ಎದುರಾಳಿಯ ಕಡೆ ವಾಲಲಿ, ‘ಇದು ಅಮ್ಮನ ಮಾತೋ, ಪಾತ್ರಿಯದೋ’ ಎಂಬ ಗುಸುಗುಸು ಅಂಗಳದಲ್ಲೇ ಶುರುವಾಗುತ್ತದೆ. ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂದು ಬೋರ್ಡು ಹಾಕಿದ ಅಡಿಕೆ ತೋಟದವರೂ ಮುಂಗಾರು ಹಿಡಿಯುವ ಹೊತ್ತಿಗೆ ಮೈಲುತುತ್ತ, ಸುಣ್ಣ ಕಲಸಿ, ಮರ ಹತ್ತುವ ಕೊನೆಗಾರರನ್ನು ಕರೆಸಿ ಶೇ. 1ರ ಬೋರ್ಡೋ ದ್ರಾವಣ ಹೊಡೆಸುತ್ತಾರೆ. ಕಳ್ಳರನ್ನು ದೇವಿಗೆ ಬಿಟ್ಟವರು ಕೊಳೆರೋಗವನ್ನು ಬಿಡುವುದಿಲ್ಲ!

ಮಂತ್ರ ಫಲಿಸುವ ಲೋಕದಲ್ಲಿ ಪೇಚು ಇನ್ನೂ ಹೆಚ್ಚು. ಮಾಂತ್ರಿಕನೂ ಮಳೆ ನಿಲ್ಲಿಸಬಲ್ಲನಾದರೆ, ಮಳೆ ನಿಲ್ಲಿಸಿದವರು ದೇವರೋ ಪಳಗಿದ ಮಾಂತ್ರಿಕರೋ ಎಂದು ಹೇಳುವವರು ಯಾರು? ದೇವರೇ ಎಂದಾದರೂ, ಆ ಬಲಕ್ಕೆ ಅಡ್ಡಬೀಳಬೇಕೇ ಎಂಬುದು ಬೇರೆ ಲೆಕ್ಕ.

ಮಹಾಭಾರತದ ದ್ರೌಪದಿ ಹುಟ್ಟಿದ್ದೇ ಯಜ್ಞವೇದಿಯಿಂದ. ಗಂಡಂದಿರು ದೇವತೆಗಳ ಮಕ್ಕಳು. ದೇವರಿದ್ದಾನೆ ಎನ್ನಲು ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ವನಪರ್ವದಲ್ಲಿ ಅವಳು, ಮಗು ಆಟಿಕೆಗಳೊಂದಿಗೆ ಆಡುವಂತೆ ಭಗವಂತ ಜೀವಿಗಳೊಂದಿಗೆ ಆಡುತ್ತಾನೆ ಎಂದು ಸಿಡಿಯುತ್ತಾಳೆ. ಸಜ್ಜನರನ್ನು ಕಷ್ಟಕ್ಕೆ ತಳ್ಳಿ ದುರ್ಯೋಧನನಿಗೆ ಸಿರಿ ಕೊಟ್ಟ ವಿಧಾತನನ್ನು ನೇರವಾಗಿ ನಿಂದಿಸುತ್ತಾಳೆ. ಮಾತು ಸೊಗಸಾಗಿದೆ, ಆದರೆ ನೀನಾಡುತ್ತಿರುವುದು ನಾಸ್ತಿಕ್ಯ ಎನ್ನುತ್ತಾನೆ ಧರ್ಮರಾಜ. (ಹೆಂಡತಿಯ ಸಿಟ್ಟಿಗೆ ಇಷ್ಟು ತಣ್ಣಗಿನ ಉತ್ತರ ಧರ್ಮರಾಜನೊಬ್ಬನಿಗೇ ಸಾಧ್ಯ.)

ನಮ್ಮ ಕಥೆಗಾರರು ಎಡವಿದ್ದು ಇಲ್ಲಿಯೇ. ಅಂಬಿಗನಿಂದ ‘ನೀನಿಲ್ಲ’ ಎನ್ನಿಸುವ ಅಗತ್ಯವಿರಲಿಲ್ಲ. ‘ಅವನು ಮುಳುಗುವಾಗ ನೀನು ಅಲ್ಲೇ ಇದ್ದೆಯಲ್ಲ?’ ಎಂದು ಕೇಳಿಸಿ, ದಡ ಮುಟ್ಟಿದ ಮೇಲೆ ಹೊಳೆಯಮ್ಮನಿಂದ ಎಂದಿನ ಕಾಸನ್ನು ತಪ್ಪದೆ ವಸೂಲು ಮಾಡಿಸಿದ್ದರೆ ಸಾಕಿತ್ತು. ನಿಮ್ಮ ಪತ್ರವನ್ನು ಅವರಿಗೆ ಕಳುಹಿಸಿದ್ದೇನೆ.