ವಾಯ್ಸ್ ಟೈಪಿಂಗ್: ಫುಲ್‌ಸ್ಟಾಪ್ ಜಾಗಕ್ಕೆ ಒಂದು ಒಂಟೆ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಕೃಷಿ ಪತ್ರಿಕೆಗಳಿಗೆ ಆಗಾಗ ಲೇಖನ ಬರೆಯುತ್ತೇನೆ. ಟೈಪಿಂಗ್ ನಿಧಾನ, ಬೆರಳೂ ನೋಯುತ್ತದೆ. ಫೋನಿನ ಮೈಕ್ ಒತ್ತಿ, ಹೇಳಿ ಬರೆಸಲು ನೋಡಿದೆ. ಯೋಚಿಸಲು ಸ್ವಲ್ಪ ನಿಂತರೆ ಅದೂ ನಿಂತುಬಿಡುತ್ತದೆ. ಫುಲ್‌ಸ್ಟಾಪ್ ಬೀಳುವುದೇ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಇರುವುದಿಲ್ಲ. ಇದನ್ನು ನಂಬಿಕೊಂಡು ಬರೆಯಬಹುದಾ?

ಉತ್ತರ: ಧಾರಾಳವಾಗಿ ಬರೆಯಬಹುದು, ಮೊದಲ ಕರಡಿನ ಮಟ್ಟಿಗೆ. ಫೋನಿನಲ್ಲಿ ಬೆರಳಿಗಿಂತ ಬಾಯಿ ಸುಮಾರು ಮೂರು ಪಟ್ಟು ವೇಗ ಎಂದು 2016ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಗ್ಲಿಷ್‌ನಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದರು. ನಮ್ಮ ಕನ್ನಡದಲ್ಲಿ ತಿದ್ದುವ ಕೆಲಸ ಜಾಸ್ತಿ. ಹಾಗಾಗಿ ಅಷ್ಟು ಲಾಭ ಲೆಕ್ಕ ಹಾಕಬೇಡಿ.

ಫೋನಿನ ಮೈಕ್ ಮೌನ ಕಂಡ ಕೂಡಲೇ ಮಾತು ಮುಗಿಯಿತು ಅಂದುಕೊಳ್ಳುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ಒತ್ತಿ. ಮೈಕ್ ಚಿತ್ರದ ಮೇಲೆ ಕನ್ನಡ ಆರಿಸಿಕೊಳ್ಳಿ. ಅದಕ್ಕೆ ಫೋನಿಗಿಂತ ತಾಳ್ಮೆ ಜಾಸ್ತಿ. ಆದರೂ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಒಂದೇ ಉಸಿರಿಗೆ ಹೇಳುವುದು ಒಳ್ಳೆಯದು. ಅಕ್ಕಪಕ್ಕದ ಪದ ನೋಡಿಯೇ ಅದು ಊಹೆ ಮಾಡುವುದು. ರಾಶಿ, ಬೆಟ್ಟೆ ಎರಡೂ ಅಡಿಕೆಯ ಬಗೆಗಳು ತಾನೇ, ಸುಮ್ನೆ 'ಬೆಟ್ಟೆ' ಅಂದರೆ 'ಬೆಟ್ಟ' ಅಂತ ಬರೆದೀತು. 'ರಾಶಿಗಿಂತ ಬೆಟ್ಟೆ ಅಡಿಕೆಗೆ ದರ' ಎಂದು ಪೂರ್ತಿ ಹೇಳಿದರೆ ಸರಿಯಾಗುವ ಸಾಧ್ಯತೆ ಜಾಸ್ತಿ. ಹೇಳುವಾಗ ಪರದೆ ನೋಡಲೇಬೇಡಿ. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ, ಹೇಳಬೇಕಾಗಿದ್ದು ಮರೆತುಹೋಗುತ್ತದೆ.

ಇನ್ನು ಫುಲ್‌ಸ್ಟಾಪ್. ಇಂಗ್ಲಿಷ್‌ನಲ್ಲಿ ಬಾಯಲ್ಲಿ ಹೇಳಿದರೆ ಚುಕ್ಕಿ ಬೀಳುತ್ತದೆ, ಕನ್ನಡದಲ್ಲಿ ಅದನ್ನು ನಂಬುವಂತಿಲ್ಲ. ಅದಕ್ಕೊಂದು ಉಪಾಯ ಇದೆ. ನಿಮ್ಮ ಬರಹದಲ್ಲಿ ಎಂದೂ ಬರದ, ಮೈಕ್‌ಗೆ ಸ್ಪಷ್ಟವಾಗಿ ಕೇಳುವ ಒಂದು ಪದ ಆರಿಸಿ. 'ಒಂಟೆ' ಆಗಬಹುದು, ಹೊಸನಗರದ ತೋಟಕ್ಕೆ ಒಂಟೆ ಬರುವುದಿಲ್ಲ ಅಲ್ವಾ! 'ಕೊಳೆರೋಗ ಶುರುವಾಯಿತು ಒಂಟೆ ಔಷಧಿ ಹೊಡೆದೆವು ಒಂಟೆ' ಅಂತ ಹೇಳುತ್ತಾ ಹೋಗಿ. ಕೊನೆಯಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಪದ ಹುಡುಕಿ ಬದಲಿಸುವ ಪೆಟ್ಟಿಗೆ ತೆರೆಯುತ್ತದೆ, ಅಲ್ಲಿ ಎಲ್ಲಾ ಒಂಟೆಗಳ ಜಾಗಕ್ಕೆ ಒಂದೇ ಸಲ ಚುಕ್ಕಿ ಹಾಕಿಬಿಡಿ. ಹುಡುಕುವ ಜಾಗದಲ್ಲಿ ಒಂಟೆಯ ಹಿಂದಿನ ಸ್ಪೇಸನ್ನೂ ಸೇರಿಸಿ. ಗುರುತಿಗೆ 'ಚುಕ್ಕಿ' ಪದವನ್ನೇ ಇಟ್ಟುಕೊಳ್ಳಬೇಡಿ. ಎಲೆಚುಕ್ಕಿ ರೋಗದ ಲೇಖನ ಬರೆದ ದಿನ ಫಜೀತಿ ಆಗುತ್ತದೆ.

ಮಳೆ ಹೊಡೆಯುವಾಗ ತಗಡಿನ ಶೀಟಿನ ಕೆಳಗೆ ಕೂತರೆ ಯಾವ ಮೈಕೂ ಕೆಲಸಕ್ಕೆ ಬರುವುದಿಲ್ಲ. ಒಳಮನೆಗೆ ಹೋಗಿ, ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ. ಅದರ ಮೈಕ್ ಬಾಯಿಗೆ ಹತ್ತಿರ ಇರುತ್ತದೆ. ನೆಟ್‌ವರ್ಕ್ ಇಲ್ಲದ ದಿನ ಫೋನಿನ ರೆಕಾರ್ಡರ್ ಸಾಕು, ತೋಟ ಸುತ್ತುತ್ತಲೇ ಹೇಳಿಡಿ. ಆಮೇಲೆ ಆ ಆಡಿಯೊವನ್ನೇ ಮೈಕ್ ಮುಂದೆ ಹಾಕಲು ಹೋಗಬೇಡಿ, ಅದು ಅರ್ಧಂಬರ್ಧ ಬರೆಯುತ್ತದೆ. ನೀವೇ ಕಿವಿಯಲ್ಲಿ ಕೇಳುತ್ತಾ ಒಂದೊಂದೇ ವಾಕ್ಯ ಮತ್ತೆ ಹೇಳಿ. ಬೇಡದ ಮಾತು ಅಲ್ಲೇ ಉದುರಿಹೋಗುತ್ತದೆ.

ಮನೆಮಾತಿನ ಧಾಟಿ ವಾಯ್ಸ್ ಟೈಪಿಂಗ್‌ಗೆ ಹಿಡಿಸುವುದಿಲ್ಲ. ಪತ್ರಿಕೆಯಲ್ಲಿ ಬರೆಯುವ ಕನ್ನಡದಲ್ಲೇ ಹೇಳಿ.

ತಿದ್ದುವಾಗ ಅಂಕಿಗಳನ್ನು ಮಾತ್ರ ಎರಡು ಸಲ ನೋಡಿ. ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಎಂದು ನೀವು ಹೇಳಿದ್ದು 10 ಲೀಟರ್ ಅಂತ ಅಚ್ಚಾದರೆ, ಓದಿದವರು ಹಾಗೇ ಕಲಸಿಬಿಟ್ಟಾರು.